ಯಾವ ಸೇನೆ ಸೇರಲಿ? ಮೊದಲು ಕೇಳಬೇಕಾದ ಪ್ರಶ್ನೆ ಬೇರೆ

2025ರ ಮೇ 7ರ ಬೆಳಿಗ್ಗೆ ನಮ್ಮ ಹಾಸ್ಟೆಲ್‌ನ ಟಿ.ವಿ. ಮುಂದೆ ಮೂವತ್ತು ಹುಡುಗಿಯರು ಗುಂಪುಗೂಡಿದ್ದೆವು. 'ಆಪರೇಷನ್ ಸಿಂಧೂರ'ದ ವಿವರ ನೀಡಲು ಭೂಸೇನೆಯ ಕರ್ನಲ್ ಸೋಫಿಯಾ ಖುರೇಶಿ ಮತ್ತು ವಾಯುಪಡೆಯ ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಬಂದಾಗ ಗದ್ದಲವೆಲ್ಲ ಒಮ್ಮೆಲೇ ನಿಂತಿತು. ಕರ್ನಲ್ ಖುರೇಶಿ ನಮ್ಮ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ ಎಂದು ಗೊತ್ತಾದ ಮೇಲಂತೂ ಕೇಳುವುದೇ ಬೇಡ. ರಾತ್ರಿ ಊಟದ ಹೊತ್ತಿಗೆ ಹಾಸ್ಟೆಲ್ ಎರಡು ಪಕ್ಷವಾಗಿತ್ತು. 'ಆರ್ಮಿನೇ ಚಲೋ' ಎನ್ನುವವರು ಒಂದು ಕಡೆ, 'ಏರ್‌ಫೋರ್ಸ್ ಡ್ರೆಸ್ ನೋಡ್ರೇ' ಎನ್ನುವವರು ಇನ್ನೊಂದು ಕಡೆ. ಕಾರವಾರ ಕಡೆಯ ಒಬ್ಬಳೇ ಒಬ್ಬಳು 'ನೇವಿ' ಎಂದು ಹಟ ಹಿಡಿದಳು.

ನಾನೀಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಮುಂದಿನ ಡಿಸೆಂಬರ್‌ಗೆ 21 ತುಂಬುತ್ತದೆ. ಸೇನೆ ಸೇರುವ ಆಸೆ ಆ ಬೆಳಿಗ್ಗೆ ಹುಟ್ಟಿದ್ದಲ್ಲ. ನಮ್ಮೂರಿನ ಪ್ರತಿ ಓಣಿಯಲ್ಲೂ ಒಬ್ಬ ಮಾಜಿ ಸೈನಿಕರಿದ್ದಾರೆ. ಸಿಯಾಚಿನ್ ಹಿಮದಡಿ ಸಿಲುಕಿ 2016ರಲ್ಲಿ ಹುತಾತ್ಮರಾದ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರು ಪಕ್ಕದ ಧಾರವಾಡ ಜಿಲ್ಲೆಯ ಬೆಟದೂರಿನವರು. ಅವರು ಬದುಕಿ ಬರಲೆಂದು ನಮ್ಮ ಪ್ರಾಥಮಿಕ ಶಾಲೆಯಲ್ಲಿ ಪ್ರಾರ್ಥನೆ ಮಾಡಿಸಿದ್ದು ಇನ್ನೂ ನೆನಪಿದೆ. ನಮ್ಮ ಭಾಗದಲ್ಲಿ 'ಮಿಲಿಟರಿ' ಎಂಬ ಮಾತಿಗೆ ನೌಕರಿಗಿಂತ ದೊಡ್ಡ ಅರ್ಥವಿದೆ.

ಆದರೆ ಅರ್ಜಿ ಹಾಕಲು ನಿಯಮಗಳನ್ನು ಓದುತ್ತಾ ಕುಳಿತಾಗ ಒಂದು ವಿಷಯ ಹೊಳೆಯಿತು. 'ಮೂರರಲ್ಲಿ ಯಾವುದು ಒಳ್ಳೆಯದು?' ಎಂದು ನಾವೆಲ್ಲ ಕೇಳುತ್ತಿದ್ದೇವೆ. ಆ ಪ್ರಶ್ನೆ ಹಳೆಯ ಕಾಲದ್ದು. 17 ವರ್ಷ ಸೇವೆ, ಆಮೇಲೆ ಪಿಂಚಣಿ ಎನ್ನುವ ಕಾಲದಲ್ಲಿ ಅದು ಸರಿಯಾಗಿತ್ತು. ಇಂದು ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ.

ಅಣ್ಣ ಹೇಳಿದ ಲೆಕ್ಕ

ದೊಡ್ಡಪ್ಪನ ಮಗ ಅಗ್ನಿವೀರರ ಮೊದಲ ತಂಡದವನು. ಭೂಸೇನೆಯ ಜನರಲ್ ಡ್ಯೂಟಿ ವಿಭಾಗದಲ್ಲಿ ಇದ್ದಾನೆ. ದಸರೆಗೆ ರಜೆಯ ಮೇಲೆ ಬಂದಿದ್ದಾಗ ಕಟ್ಟೆಯ ಮೇಲೆ ಕುಳಿತು ಕೇಳಿದೆ: 'ಅಣ್ಣಾ, ಮೂರರಾಗ ಯಾವ್ದು ಚಲೋ?'

'ಮೂರೂ ಚಲೋ' ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಎಲ್ಲಿಗೆ ಹೋಗಬೇಕು ಅನ್ನೂದನ್ನ ಆಮ್ಯಾಲೆ ನೋಡು ತಂಗಿ. ನಾಕ ವರ್ಷ ಮುಗಿಸಿ ತಿರುಗಿ ಬಂದಾಗ ಕೈಯಾಗ ಏನಿರತೈತಿ, ಅದನ್ನ ಮೊದಲ ನೋಡು' ಎಂದ.

ಅವನ ಮಾತಿನ ಹಿಂದೆ ಲೆಕ್ಕವಿದೆ. 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಮೂರೂ ಪಡೆಗಳಲ್ಲಿ ಸೈನಿಕರ ಹಂತದ ನೇಮಕಾತಿ ನಾಲ್ಕು ವರ್ಷಕ್ಕೆ ಮಾತ್ರ. ಅವರಲ್ಲಿ ಗರಿಷ್ಠ ಶೇ 25ರಷ್ಟು ಮಂದಿಯನ್ನು ಕಾಯಂ ಸೇವೆಗೆ ಉಳಿಸಿಕೊಳ್ಳುತ್ತಾರೆ. ಉಳಿದವರು ಮನೆಗೆ. ಅಂದರೆ ನಾಲ್ವರಲ್ಲಿ ಮೂವರು ಇಪ್ಪತ್ತೆರಡು, ಇಪ್ಪತ್ತೈದರ ಪ್ರಾಯದಲ್ಲಿ ಮತ್ತೆ ಉದ್ಯೋಗ ಹುಡುಕಬೇಕು. 2022ರ ಕೊನೆ ಮತ್ತು 2023ರ ಆರಂಭದಲ್ಲಿ ತರಬೇತಿಗೆ ಸೇರಿದ ಮೊದಲ ತಂಡದ ಅವಧಿ 2026ರ ಕೊನೆಯಿಂದ ಮುಗಿಯತೊಡಗುತ್ತದೆ. ಯಾರು ಉಳಿಯುತ್ತಾರೆ, ಯಾರು ಮರಳುತ್ತಾರೆ ಎಂಬುದು ದೇಶಕ್ಕೆ ಮೊದಲ ಬಾರಿ ಕಾಣುವುದು ಆಗಲೇ. ನಮ್ಮ ಮನೆಗೂ ಆಗಲೇ.

ಹಣದ ಮಾತಿಗೆ ಬಂದರೆ, ಮೊದಲ ವರ್ಷ ತಿಂಗಳಿಗೆ ₹30,000, ನಾಲ್ಕನೇ ವರ್ಷ ₹40,000. ಇದರಲ್ಲಿ ಶೇ 30ರಷ್ಟು 'ಸೇವಾ ನಿಧಿ'ಗೆ ಕಡಿತವಾಗುವುದರಿಂದ ಮೊದಲ ವರ್ಷ ಕೈಗೆ ಸಿಗುವುದು ₹21,000. ಸರ್ಕಾರವೂ ಅಷ್ಟೇ ಮೊತ್ತ ಸೇರಿಸುತ್ತದೆ. ನಾಲ್ಕು ವರ್ಷದ ಕೊನೆಗೆ ಬಡ್ಡಿಯೂ ಸೇರಿ ಸುಮಾರು ₹11.71 ಲಕ್ಷ, ಆದಾಯ ತೆರಿಗೆ ಇಲ್ಲದೆ, ಕೈಸೇರುತ್ತದೆ. ಸೇವೆಯಲ್ಲಿರುವಷ್ಟು ಕಾಲ ₹48 ಲಕ್ಷದ ವಿಮೆ ಇರುತ್ತದೆ. ಅದಕ್ಕೆ ನಾವು ಕಂತು ಕಟ್ಟಬೇಕಿಲ್ಲ. ಪದವಿ ಮುಗಿಸಿದ ಎಷ್ಟೋ ಮಂದಿಗೆ ₹12,000ದ ಕೆಲಸವೂ ಸಿಗದ ನಮ್ಮ ಊರುಗಳಲ್ಲಿ ಇದು ಸಣ್ಣ ಮೊತ್ತವಲ್ಲ. ಆದರೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಮರಳಿ ಬಂದವರಿಗೆ ಮಾಜಿ ಸೈನಿಕರೆಂಬ ಸ್ಥಾನಮಾನವಾಗಲಿ, ಮಿಲಿಟರಿ ಕ್ಯಾಂಟೀನ್ ಸೌಲಭ್ಯವಾಗಲಿ ಇಲ್ಲ.

'ಅರೆಸೇನಾ ಪಡೆಗಳಲ್ಲಿ ಮೀಸಲಾತಿ ಇದೆಯಲ್ಲ?' ಎಂದು ಗೆಳತಿಯರು ಕೇಳುತ್ತಾರೆ. ಇದೆ. 2022ರಲ್ಲಿ ಘೋಷಿಸಿದ ಶೇ 10ರ ಮೀಸಲಾತಿಯನ್ನು 2023ರಲ್ಲಿ ಬಿಎಸ್‌ಎಫ್, ಸಿಐಎಸ್‌ಎಫ್ ನೇಮಕಾತಿ ನಿಯಮಗಳಿಗೆ ಸೇರಿಸಿದರು. ಮೊದಲ ತಂಡದವರಿಗೆ 5 ವರ್ಷ, ನಂತರದವರಿಗೆ 3 ವರ್ಷ ವಯೋಮಿತಿ ಸಡಿಲಿಕೆಯೂ ಇದೆ. ಆದರೆ ಮೀಸಲಾತಿ ಎಂದರೆ ಕೈಗಿಟ್ಟ ನೌಕರಿಯಲ್ಲ. ಹುದ್ದೆ ಕರೆಯಬೇಕು, ಪರೀಕ್ಷೆ ಬರೆಯಬೇಕು, ನಮ್ಮಂತೆಯೇ ಮರಳಿದವರ ಜೊತೆ ಸ್ಪರ್ಧಿಸಬೇಕು.

ಆಯ್ಕೆ ಎಂದೋ ಆಗಿರುತ್ತದೆ

'ನಾನು ಯಾವ ಸೇನೆ ಆರಿಸಿಕೊಳ್ಳಲಿ?' ಎಂದು ಕೇಳುವಾಗ ಮೂರೂ ಬಾಗಿಲು ತೆರೆದೇ ಇವೆ ಎಂದು ಭಾವಿಸಿರುತ್ತೇವೆ. ನನ್ನ ಮಟ್ಟಿಗೆ ಒಂದು ಬಾಗಿಲು ನಾನು ಮುಟ್ಟುವ ಮೊದಲೇ ಮುಚ್ಚಿತ್ತು. ಅಗ್ನಿವೀರರಾಗಿ ಭೂಸೇನೆ ಸೇರಬಯಸುವ ಹೆಣ್ಣುಮಕ್ಕಳಿಗೆ ಇರುವುದು ಮಿಲಿಟರಿ ಪೊಲೀಸ್ ವಿಭಾಗ ಒಂದೇ. ಅದರ ಕೇಂದ್ರ ಬೆಂಗಳೂರಿನಲ್ಲೇ ಇದೆ. ಮೊದಲ ಮಹಿಳಾ ತಂಡ 2021ರಲ್ಲಿ ಅಲ್ಲಿಂದಲೇ ತರಬೇತಿ ಮುಗಿಸಿ ಹೊರಬಂದಿತ್ತು. ಅದಕ್ಕೆ ಬೇಕಾದ ಎತ್ತರ 162 ಸೆಂ.ಮೀ. ನನ್ನದು 157. ಹಾಸ್ಟೆಲ್ ಗೋಡೆಗೆ ಬೆನ್ನು ಹಚ್ಚಿ ಗೆಳತಿಯ ಕೈಯಲ್ಲಿ ಮೂರು ಸಲ ಅಳೆಸಿದೆ. ಐದು ಸೆಂಟಿಮೀಟರ್ ಎಲ್ಲಿಂದಲೂ ಬರಲಿಲ್ಲ.

ಹುಡುಗರಿಗೂ ಇಂಥದೇ ಗೋಡೆಗಳಿವೆ. ಎತ್ತರದ ಬದಲು ಅವು ಓದಿದ ವಿಷಯದಲ್ಲಿರುತ್ತವೆ. ಭೂಸೇನೆಯ ಜನರಲ್ ಡ್ಯೂಟಿಗೆ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲೂ ಶೇ 33 ಅಂಕ ಸಾಕು. ನೌಕಾಪಡೆಯ ಎಂ.ಆರ್. ವಿಭಾಗಕ್ಕೂ ಎಸ್ಸೆಸ್ಸೆಲ್ಸಿಯೇ ಆಧಾರ. ಆದರೆ ಅದೇ ನೌಕಾಪಡೆಯ ಎಸ್.ಎಸ್.ಆರ್. ವಿಭಾಗಕ್ಕೆ ಪಿಯುಸಿ ಮೂಲಕ ಬರುವವರು ಗಣಿತ, ಭೌತವಿಜ್ಞಾನ ಓದಿರಲೇಬೇಕು. ವಾಯುಪಡೆಯ ವಿಜ್ಞಾನ ವಿಭಾಗಕ್ಕೆ ಗಣಿತ, ಭೌತವಿಜ್ಞಾನ, ಇಂಗ್ಲಿಷ್ ಬೇಕು. ಒಟ್ಟು ಶೇ 50 ಅಂಕವಿದ್ದರೂ ಇಂಗ್ಲಿಷ್‌ನಲ್ಲಿ ಪ್ರತ್ಯೇಕವಾಗಿ ಶೇ 50 ಇರಬೇಕು. ಮೂರು ವರ್ಷದ ಎಂಜಿನಿಯರಿಂಗ್ ಡಿಪ್ಲೊಮಾ ಆದವರಿಗೂ ಅವಕಾಶವಿದೆ. ಕಲಾ, ವಾಣಿಜ್ಯ ಓದಿದವರಿಗೆ ವಿಜ್ಞಾನೇತರ ವಿಭಾಗದ ಪರೀಕ್ಷೆ ಇದೆ. ಅಲ್ಲೂ ಇಂಗ್ಲಿಷ್‌ನ ಶರತ್ತು ತಪ್ಪಿದ್ದಲ್ಲ.

ಹಾಗಾಗಿ ಸೇನೆಯ ಆಯ್ಕೆ ಬಹುಪಾಲು ನಡೆದುಹೋಗುವುದು ಹದಿನಾರನೇ ವಯಸ್ಸಿನಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಅರ್ಜಿ ತುಂಬುವಾಗ. 'ಗಣಿತ ಕಷ್ಟ, ಆರ್ಟ್ಸ್ ತಗೋ' ಎಂದು ಯಾರೋ ಹೇಳಿದ ಒಂದು ಮಾತು ಹಡಗಿನ ಎಂಜಿನ್ ಕೋಣೆಯನ್ನೂ ವಿಮಾನದ ಹ್ಯಾಂಗರನ್ನೂ ದೂರ ಮಾಡಿಬಿಡುತ್ತದೆ. ಸೈನ್ಯಕ್ಕೆ ಹೋಗುತ್ತೇನೆ ಎನ್ನುವ ತಮ್ಮ ತಂಗಿಯರು ಮನೆಯಲ್ಲಿದ್ದರೆ, ಓಟ ಕಲಿಸುವುದಕ್ಕೂ ಮುನ್ನ ಈ ವಿಷಯ ತಿಳಿಸಬೇಕು.

ಇನ್ನೊಂದು ಗೋಡೆ ಭಾಷೆಯದು. ಭೂಸೇನೆ 2025ರಲ್ಲಿ ಪ್ರವೇಶ ಪರೀಕ್ಷೆಯನ್ನು ಕನ್ನಡ ಸೇರಿ 13 ಭಾಷೆಗಳಲ್ಲಿ ನಡೆಸಿತು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವರಿಗೆ ಇದು ದೊಡ್ಡ ನೆರವು. ನೌಕಾಪಡೆ, ವಾಯುಪಡೆಯ ಪರೀಕ್ಷೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇವೆ. ವಾಯುಪಡೆಯಲ್ಲಿ ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವೂ ಇದೆ. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. 'ವೇಗೋತ್ಕರ್ಷ' ಎಂದರೆ ಇಂದಿಗೂ ತಟ್ಟನೆ ಹೊಳೆಯುತ್ತದೆ, ಅದರ ಇಂಗ್ಲಿಷ್ ಪದಕ್ಕೆ ಒಂದು ಕ್ಷಣ ತಡವರಿಸುತ್ತೇನೆ. ಗಡಿಯಾರ ಓಡುವ ಪರೀಕ್ಷೆಯಲ್ಲಿ ಆ ಒಂದು ಕ್ಷಣಕ್ಕೆ ಬೆಲೆಯಿದೆ.

ಮೂರು ಪಡೆ, ಮೂರು ಬದುಕು

ಇನ್ನು ಅಣ್ಣನ ಪ್ರಶ್ನೆ: ತಿರುಗಿ ಬಂದಾಗ ಕೈಯಲ್ಲಿ ಏನಿರುತ್ತದೆ?

ಮೂರರಲ್ಲಿ ಭೂಸೇನೆಯೇ ದೊಡ್ಡದು, ಹೆಚ್ಚು ಜನರನ್ನು ತೆಗೆದುಕೊಳ್ಳುವುದೂ ಅದೇ. ಅವಕಾಶ ಹೆಚ್ಚು ಎಂಬುದೇ ಅದರ ದೊಡ್ಡ ಆಕರ್ಷಣೆ. ಆದರೆ 'ಭೂಸೇನೆ' ಎಂಬುದು ಒಂದೇ ಕೆಲಸವಲ್ಲ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ತರಬೇತಾಗುವ ಸೈನಿಕನ ಬದುಕೇ ಬೇರೆ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಸೇತುವೆ ಕಟ್ಟಲು ಕಲಿಯುವವನ ಬದುಕೇ ಬೇರೆ. ಟಿ.ವಿ.ಯಲ್ಲಿ ನಾವು ಕಂಡ ಕರ್ನಲ್ ಖುರೇಶಿ ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ಸ್ ವಿಭಾಗದವರು. ಪದಾತಿ ದಳದಲ್ಲಿ ಕಲಿಯುವ ಶಿಸ್ತು, ಧೈರ್ಯ, ಶಸ್ತ್ರವಿದ್ಯೆ ಮರಳಿದ ಮೇಲೆ ಪೊಲೀಸ್, ಅರೆಸೇನಾ ಪಡೆ, ಭದ್ರತಾ ಕೆಲಸಗಳಿಗೆ ನೇರವಾಗಿ ಒದಗುತ್ತವೆ. ಅದರಾಚೆಯ ಕೆಲಸಕ್ಕೆ ಹೊಸದಾಗಿ ಏನಾದರೂ ಕಲಿಯಬೇಕು. ಅಣ್ಣ ಈಗ ಪೊಲೀಸ್ ಪರೀಕ್ಷೆಯ ಪುಸ್ತಕಗಳನ್ನು ಟ್ರಂಕಿನಲ್ಲಿ ಇಟ್ಟುಕೊಂಡು ಓದುತ್ತಿದ್ದಾನೆ. 'ಕಾಯಂ ಆದ್ರ ದೇವರ ದಯಾ. ಆಗಲಿಲ್ಲಂದ್ರ ಪುಸ್ತಕ ಇರ್ಲಿ' ಎನ್ನುತ್ತಾನೆ.

ನೌಕಾಪಡೆಯೆಂದರೆ ನಮ್ಮ ರಾಜ್ಯದಲ್ಲಿ ಕಾರವಾರದ ಸೀಬರ್ಡ್ ನೆಲೆಯೇ ಕಣ್ಣಮುಂದೆ ಬರುತ್ತದೆ. ಆದರೆ ಅಗ್ನಿವೀರರ ಮೊದಲ ತರಬೇತಿ ಒಡಿಶಾದ ಐಎನ್‌ಎಸ್ ಚಿಲ್ಕಾದಲ್ಲಿ. ಮೊದಲ ತಂಡದಲ್ಲೇ 270ಕ್ಕೂ ಹೆಚ್ಚು ಯುವತಿಯರಿದ್ದರು. ಆ ತಂಡದ ನಿರ್ಗಮನ ಪಥಸಂಚಲನ 2023ರ ಮಾರ್ಚ್ 28ರಂದು ಸೂರ್ಯಾಸ್ತದ ನಂತರ ನಡೆಯಿತು. ಹಡಗೆಂದರೆ ತೇಲುವ ಕಾರ್ಖಾನೆ: ಎಂಜಿನ್, ವಿದ್ಯುತ್, ರೇಡಾರ್, ಅಡುಗೆ ಎಲ್ಲವೂ ಅಲ್ಲಿದೆ. ಎಂ.ಆರ್. ವಿಭಾಗದ ಕೆಲಸ ಹೆಚ್ಚಾಗಿ ಅಡುಗೆ, ಬಡಿಸುವುದು, ಸ್ವಚ್ಛತೆಯ ಕಡೆಗಿರುತ್ತದೆ. ತಾಂತ್ರಿಕ ಕೆಲಸ ಬೇಕೆನ್ನುವವರು ಇದನ್ನು ಅರ್ಜಿಗೆ ಮುಂಚೆಯೇ ತಿಳಿದಿರಬೇಕು, ಸೇರಿದ ಮೇಲೆ ಅಲ್ಲ. ವಾರಗಟ್ಟಲೆ ಸಮುದ್ರದಲ್ಲೇ ಇರಬೇಕಾದಾಗ ಮನೆಗೆ ಫೋನ್ ಕೂಡ ಸುಲಭವಲ್ಲ.

ವಾಯುಪಡೆಯಲ್ಲಿ ವಿಮಾನ ಹಾರಿಸುವವರು ಅಧಿಕಾರಿಗಳು. ಅಗ್ನಿವೀರವಾಯುಗಳ ಕೆಲಸ ನೆಲದ ಮೇಲೆ. ವಿಮಾನ ಹಾರಲು ಬೇಕಾದ ನಿರ್ವಹಣೆ, ಸಂಪರ್ಕ, ಸರಬರಾಜು, ಭದ್ರತೆ ಹೀಗೆ ಹಲವು ಬಗೆಯ ಕೆಲಸಗಳಿವೆ. ತರಬೇತಿ ನಮ್ಮ ಬೆಳಗಾವಿಯ ಸಾಂಬ್ರಾದಲ್ಲೇ ನಡೆಯುತ್ತದೆ. 2023ರ ಡಿಸೆಂಬರ್‌ನಲ್ಲಿ ಮೊದಲ ಮಹಿಳಾ ತಂಡವೂ ಅಲ್ಲಿಂದಲೇ ಹೊರಬಂದಿತು. ಹಾಗೆಂದು ತರಬೇತಿ ಮುಗಿದ ಮೇಲೆ ಬೆಳಗಾವಿಯಲ್ಲೇ ಉಳಿಯುತ್ತೇವೆ ಎಂದು ಎಣಿಸಬಾರದು. ದೇಶದ ಯಾವ ನೆಲೆಗಾದರೂ ಕಳಿಸುತ್ತಾರೆ, ಯಾವ ಕೆಲಸವನ್ನಾದರೂ ಕೊಡುತ್ತಾರೆ. ಪಡೆಯನ್ನು ನಾವು ಆರಿಸಬಹುದು, ಪಡೆಯೊಳಗಿನ ಕೆಲಸವನ್ನು ಪಡೆಯೇ ಆರಿಸುತ್ತದೆ. ಈ ಮಾತು ಮೂರಕ್ಕೂ ಅನ್ವಯ.

ಮದುವೆಯ ಶರತ್ತು

ಹುಡುಗರು ಅಷ್ಟಾಗಿ ಯೋಚಿಸದ ಶರತ್ತೊಂದಿದೆ. ಅಗ್ನಿವೀರರು ಅವಿವಾಹಿತರಾಗಿರಬೇಕು, ನಾಲ್ಕು ವರ್ಷ ಮದುವೆಯಾಗುವಂತಿಲ್ಲ. ನಮ್ಮಂಥ ಹುಡುಗಿಯರ ಮನೆಯಲ್ಲಿ ಇದೇ ಮೊದಲ ಚರ್ಚೆ. ಕೊನೆಯ ಸೆಮಿಸ್ಟರ್ ಮುಗಿಯುತ್ತಿದ್ದಂತೆ ನನ್ನನ್ನು ನೋಡಲು ಬರುತ್ತೇವೆಂದು ಒಂದು ಮನೆಯವರು ಈಗಾಗಲೇ ಹೇಳಿ ಕಳಿಸಿದ್ದಾರೆ. 'ಇಪ್ಪತ್ತೈದಕ್ಕ ತಿರುಗಿ ಬಂದ್ರ ಯಾರ್ ಮಾಡ್ಕೋತಾರ?' ಎಂದು ಅಜ್ಜಿ ಕೇಳಿದಳು. ಅಪ್ಪ ಮಾತಾಡಲಿಲ್ಲ. ಅವ್ವ ಒಲೆಯ ಮುಂದಿನಿಂದಲೇ, 'ಸರ್ಕಾರನ ಬ್ಯಾಡ ಅಂದ್ರ ನಾವರ ಯಾಕ ಅವಸರ ಮಾಡೂಣು?' ಎಂದಳು. ಹುಡುಗರಿಗೆ ನಿರ್ಬಂಧವಾಗಿ ಕಾಣುವ ನಿಯಮ ನನ್ನ ಅವ್ವನಿಗೆ ಗುರಾಣಿಯಾಗಿ ಕಂಡಿತು. ಪಿಯುಸಿ ಮುಗಿದೊಡನೆ ಮದುವೆಯಾದ ನನ್ನ ತರಗತಿಯ ಮೂವರು ನೆನಪಾದರು. ನಾಲ್ಕು ವರ್ಷ ಎಂಬುದು ಸಂಬಳದ ಲೆಕ್ಕದಲ್ಲಿ ಕಡಿಮೆ ಇರಬಹುದು, ಆದರೆ ಒಬ್ಬ ಹುಡುಗಿಯ ಕೈಗೆ ಅವಳದೇ ಆದ ನಾಲ್ಕು ವರ್ಷ ಸಿಗುವುದು ಸಣ್ಣ ಮಾತಲ್ಲ.

ಮರೆತುಬಿಡುವ ನಾಲ್ಕನೇ ದಾರಿ

ಪದವಿ ಓದುತ್ತಿರುವವರು ಇನ್ನೊಂದನ್ನು ನೋಡಬೇಕು. 2025ರಲ್ಲಿ ಅಗ್ನಿಪಥದ ವಯೋಮಿತಿ 17½ರಿಂದ 21 ಇತ್ತು. ಆದರೆ ಅಧಿಕಾರಿಯಾಗುವ ಬಾಗಿಲು 21ಕ್ಕೆ ಮುಚ್ಚುವುದಿಲ್ಲ. ಯುಪಿಎಸ್‌ಸಿ ನಡೆಸುವ ಸಿಡಿಎಸ್ ಪರೀಕ್ಷೆಯ ಮೂಲಕ ಯಾವುದೇ ಪದವೀಧರ ಹೆಣ್ಣುಮಗಳು ಸುಮಾರು 25ರವರೆಗೆ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಪ್ರಯತ್ನಿಸಬಹುದು. ವಾಯುಪಡೆಗೆ ಎಎಫ್‌ಕ್ಯಾಟ್ ಇದೆ. ಎನ್‌ಸಿಸಿ 'ಸಿ' ಪ್ರಮಾಣಪತ್ರ ಇದ್ದವರಿಗೆ ಪ್ರತ್ಯೇಕ ಪ್ರವೇಶವೂ ಉಂಟು. ಪಿಯುಸಿ ಮುಗಿಸಿದವರಿಗೆ ಎನ್‌ಡಿಎ ಇದೆ. ಅಲ್ಲಿ ಭೂಸೇನೆಗೆ ಯಾವ ವಿಷಯ ಓದಿದವರೂ ಅರ್ಹರು, ಉಳಿದೆರಡಕ್ಕೆ ವಿಜ್ಞಾನ ಬೇಕು. ಸುಪ್ರೀಂ ಕೋರ್ಟ್‌ನ 2021ರ ಆದೇಶದ ನಂತರ ಎನ್‌ಡಿಎ ಸೇರಿದ ಮೊದಲ ತಂಡದ 17 ಯುವತಿಯರು 2025ರ ಮೇ 30ರಂದು ಹೊರಬಂದರು.

ಹಳ್ಳಿಯ ಕಾಲೇಜುಗಳಲ್ಲಿ ಈ ದಾರಿಯ ಮಾತೇ ಬರುವುದಿಲ್ಲ. ಸೈನ್ಯ ಎಂದರೆ ಬೆಳಗಿನ ಜಾವದ ಓಟ ಎಂದಷ್ಟೇ ನಮಗೆ ಹೇಳಿಕೊಟ್ಟಿದ್ದಾರೆ. ಸಂದರ್ಶನಕ್ಕೆ ಐದು ದಿನ ಕೂರಿಸುತ್ತಾರೆ, ಇಂಗ್ಲಿಷ್‌ನಲ್ಲಿ ಗುಂಪು ಚರ್ಚೆ ಇರುತ್ತದೆ ಎಂದು ಕೇಳಿ ನಾನೂ ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ಆಯ್ಕೆ ಮಂಡಳಿಗಳು ಬೆಂಗಳೂರು, ಮೈಸೂರಿನಲ್ಲೇ ಇವೆ ಎಂಬುದೂ ಗೊತ್ತಿರಲಿಲ್ಲ. ಭಯಕ್ಕೆ 'ಆಯ್ಕೆ' ಎಂದು ಹೆಸರಿಟ್ಟುಕೊಂಡಿದ್ದೆ.

ನನ್ನ ತೀರ್ಮಾನ

ವಾಯುಪಡೆಗೆ ಅರ್ಜಿ ಹಾಕಲು ನಿರ್ಧರಿಸಿದ್ದೇನೆ. ನೀಲಿ ಸಮವಸ್ತ್ರ ಚೆಂದವೆಂದಲ್ಲ, ಸಾಂಬ್ರಾ ಹತ್ತಿರವೆಂದೂ ಅಲ್ಲ. ಓದಿದ ಗಣಿತ, ಭೌತವಿಜ್ಞಾನ ಅಲ್ಲಿ ವ್ಯರ್ಥವಾಗುವುದಿಲ್ಲ, ನೇಮಕಾತಿ ಮುಗಿಯುವ ಹೊತ್ತಿಗೆ ಪದವಿಯೂ ಮುಗಿದಿರುತ್ತದೆ. ನಾಲ್ಕು ವರ್ಷದ ನಂತರ ಮರಳಬೇಕಾಗಿ ಬಂದರೂ ಪದವಿ, ಕೆಲಸದ ಅನುಭವ, ₹11 ಲಕ್ಷ ಈ ಮೂರೂ ಕೈಯಲ್ಲಿರುತ್ತವೆ. ಆಯ್ಕೆಯಾಗದಿದ್ದರೆ ಸಿಡಿಎಸ್‌ಗೆ ಕೂರುತ್ತೇನೆ. ಅದಕ್ಕೆಂದೇ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಪತ್ರಿಕೆ ಗಟ್ಟಿಯಾಗಿ ಓದುತ್ತೇನೆ, ಕೋಣೆಯ ಗೆಳತಿಯರು ನಕ್ಕರೂ ಸರಿ. ವಾಯುಪಡೆಯ ಪರೀಕ್ಷೆಯಲ್ಲಿ ಹೆಣ್ಣುಮಕ್ಕಳು 1.6 ಕಿ.ಮೀ. ದೂರವನ್ನು 8 ನಿಮಿಷದಲ್ಲಿ ಓಡಬೇಕು. ಜೂನ್‌ನಲ್ಲಿ ನನಗೆ 9 ನಿಮಿಷ 10 ಸೆಕೆಂಡ್ ಬೇಕಿತ್ತು. ಈಗ 8 ನಿಮಿಷ 5 ಸೆಕೆಂಡ್.

ಇದು ನನ್ನ ಲೆಕ್ಕ, ಎಲ್ಲರದ್ದೂ ಇದೇ ಆಗಬೇಕಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಗೆ ತಕ್ಷಣ ಸಂಬಳ ಬೇಕಾದ ಹುಡುಗನಿಗೆ, ಕನ್ನಡದಲ್ಲೇ ಪರೀಕ್ಷೆ ಬರೆಯಬಹುದಾದ ಭೂಸೇನೆಯೇ ಸರಿಯಾದ ಉತ್ತರ ಇರಬಹುದು. ಡಿಪ್ಲೊಮಾ ಮಾಡಿದವರಿಗೆ ವಾಯುಪಡೆಯೂ, ಯಂತ್ರಗಳ ಜೊತೆ ಗಣಿತ ಬಲ್ಲವರಿಗೆ ಹಡಗೂ ಹೊಂದಬಹುದು. ಅರ್ಜಿ ತುಂಬುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. ಮೇಲ್ಗಡೆ ನಾಲ್ಕು ವರ್ಷದ ನಂತರದ ನಿಮ್ಮ ವಯಸ್ಸು ಬರೆಯಿರಿ. ಅದರ ಕೆಳಗೆ ಆ ದಿನ ನಿಮ್ಮ ಬಳಿ ಇರುವ ವಿದ್ಯಾರ್ಹತೆ, ಕಲಿತಿರುವ ಕೆಲಸ, ಉಳಿದಿರುವ ಹಣ ಬರೆಯಿರಿ. ಅದು ತುಂಬಿದ ಮೇಲೆ ಹಿಂದಕ್ಕೆ ಎಣಿಸುತ್ತಾ ಬನ್ನಿ. ಯಾವ ಸೇನೆ ಎಂಬುದು ಆ ಹಾಳೆಯ ಕೊನೆಯ ಸಾಲಿನಲ್ಲಿರುತ್ತದೆ.

ಅಣ್ಣನ ರಜೆ ಮುಗಿದು ಅವನನ್ನು ಬಸ್ಸಿಗೆ ಹತ್ತಿಸಲು ಹೋಗಿದ್ದೆವು. ದೊಡ್ಡವ್ವ ಎಂದಿನಂತೆ ಕಣ್ಣೊರೆಸಿಕೊಂಡಳು. ಕಿಟಕಿಯಿಂದ ತಲೆ ಹಾಕಿ ಅಣ್ಣ ನನಗೆ ಕೂಗಿ ಹೇಳಿದ: 'ಇನ್ನೂ ಐದ ಸೆಕೆಂಡ್ ಕಮ್ಮಿ ಮಾಡ್ಬೇಕ ನೀ.' ಮರುದಿನ ನಸುಕಿನಲ್ಲಿ ಮೈದಾನಕ್ಕೆ ಹೋಗುವಾಗ ಅವ್ವನೂ ಟಾರ್ಚ್ ಹಿಡಿದು ಜೊತೆಗೆ ಬಂದಳು. ಅವಳಿಗೆ ಗಡಿಯಾರ ನೋಡಿ ಸೆಕೆಂಡ್ ಎಣಿಸುವುದನ್ನು ಈಗ ಕಲಿಸುತ್ತಿದ್ದೇನೆ.